ಹಿರಿಯರು ಬಿಟ್ಟುಹೋದ ಹಳೆಯ ಐಷಾರಾಮಿ ಕಾರು: ಅಮೆರಿಕದಲ್ಲಿ ಅದನ್ನು ದಾನವಾಗಿ ಕೊಡುವ ಕ್ರಮ

ನಮ್ಮ ದೊಡ್ಡಪ್ಪನವರು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಾಗ ಅವರ ಗ್ಯಾರೇಜಿನಲ್ಲಿ 2004ರ ಲೆಕ್ಸಸ್ ಎಲ್‌ಎಸ್ 430 ಕಾರು ಉಳಿದಿತ್ತು. ಅದನ್ನು ಅವರು ಬಹಳ ಜತನದಿಂದ ನೋಡಿಕೊಂಡಿದ್ದರು. ಆಯಿಲ್ ಬದಲಿಸಿದ ಪ್ರತಿಯೊಂದು ರಸೀದಿಯೂ ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿತ್ತು. ದೊಡ್ಡಮ್ಮನವರಿಗೆ ಕಾರು ಓಡಿಸಲು ಬಾರದು, ಮಕ್ಕಳಿಗೆ ಅದರ ಅಗತ್ಯವಿರಲಿಲ್ಲ, ಸಂತೆಯ ಸರಕಿನಂತೆ ಚೌಕಾಸಿ ಮಾಡಿ ಮಾರಲು ಯಾರಿಗೂ ಮನಸ್ಸಿರಲಿಲ್ಲ. "ಯಾವುದಾದರೂ ಒಳ್ಳೆಯ ಕೆಲಸಕ್ಕೆ ಕೊಟ್ಟುಬಿಡಿ" ಎಂದು ದೊಡ್ಡಮ್ಮ ಹೇಳಿದರು. ಆ ಮಾತನ್ನು ನಡೆಸಿಕೊಡಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಹೆಚ್ಚಿನ ಕಾಲ ಹೋದದ್ದು ಹಿಂದುಮುಂದಾಗಿ ಮಾಡಿದ ಕೆಲಸಗಳನ್ನು ಸರಿಪಡಿಸುವುದರಲ್ಲಿ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಮೊದಲ ತಲೆಮಾರಿನವರಿಗೆ ಈಗ ವಯಸ್ಸಾಗಿದೆ. ಇಂಥ ಕೆಲಸ ಇನ್ನು ಮುಂದೆ ಅನೇಕ ಕನ್ನಡ ಕುಟುಂಬಗಳ ಪಾಲಿಗೆ ಬರಲಿದೆ. ಅವರಿಗಾಗಿ ಈ ಲೇಖನ. ಒಕ್ಕೂಟದ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ತೆರಿಗೆ ನಿಯಮಗಳು ಎಲ್ಲ ರಾಜ್ಯಗಳಿಗೂ ಒಂದೇ. ವಾಹನದ ಹಕ್ಕುಪತ್ರದ ನಿಯಮಗಳು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ, ಅಂಥ ಕಡೆ ನನಗೆ ಪರಿಚಯವಿರುವ ಕ್ಯಾಲಿಫೋರ್ನಿಯಾದ ಪದ್ಧತಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಮೊದಲೇ ಒಂದು ಶಬ್ದವನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ನಮ್ಮಲ್ಲಿ ಎಸ್ಟೇಟ್ ಎಂದರೆ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟ ಕಣ್ಣಮುಂದೆ ಬರುತ್ತದೆ. ಅಮೆರಿಕದ ಕಾನೂನಿನಲ್ಲಿ ಎಸ್ಟೇಟ್ ಎಂದರೆ ತೀರಿಕೊಂಡವರು ಬಿಟ್ಟುಹೋದ ಮನೆ, ಹಣ, ವಾಹನ, ಸಾಲ ಎಲ್ಲವೂ ಸೇರಿದ ಒಟ್ಟು ಆಸ್ತಿ. ಅದು ವಾರಸುದಾರರಿಗೆ ಹಂಚಿಹೋಗುವವರೆಗೆ ಕಾನೂನಿನ ಕಣ್ಣಿನಲ್ಲಿ ಪ್ರತ್ಯೇಕ ಅಸ್ತಿತ್ವವುಳ್ಳದ್ದಾಗಿರುತ್ತದೆ.

ಮೊದಲ ಹೆಜ್ಜೆ: ಈ ಕಾರು ಈಗ ಯಾರದು ಎಂದು ತಿಳಿಯುವುದು

ಕೊಡುವ ಮನಸ್ಸು ಎಷ್ಟೇ ದೊಡ್ಡದಿದ್ದರೂ, ತನ್ನದಲ್ಲದ ವಸ್ತುವನ್ನು ಯಾರೂ ದಾನ ಮಾಡಲಾಗದು. ನಾವು ಎಡವಿದ್ದು ಇಲ್ಲಿಯೇ. ದೊಡ್ಡಪ್ಪನವರು ಆಸ್ಪತ್ರೆಯಲ್ಲಿದ್ದಾಗ ಮಗನ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರು; ಅದರ ಬಲದ ಮೇಲೆಯೇ ನನ್ನ ಅಣ್ಣ ಹಕ್ಕುಪತ್ರಕ್ಕೆ ಸಹಿ ಹಾಕಿದರು. ಆದರೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟವರ ಉಸಿರು ನಿಂತ ಕ್ಷಣವೇ ಆ ಪತ್ರದ ಅಧಿಕಾರವೂ ಮುಗಿಯುತ್ತದೆ. ಆ ಸಹಿ ನಿಷ್ಪ್ರಯೋಜಕವಾಯಿತಷ್ಟೇ ಅಲ್ಲದೆ, ತಪ್ಪು ಸಹಿ ಬಿದ್ದ ಹಕ್ಕುಪತ್ರವನ್ನು ಸರಿಪಡಿಸಿಕೊಳ್ಳಲು ಮತ್ತೆ ಅರ್ಜಿ, ಮತ್ತೆ ಕಾಯುವಿಕೆ. ಕಾರನ್ನು ಒಯ್ಯಲು ಬಂದಿದ್ದ ಲಾರಿ ಬರಿಗೈಯಲ್ಲಿ ಹಿಂತಿರುಗಿತು.

ಆದ್ದರಿಂದ ಮೊದಲು ಕಾರಿನ ಹಕ್ಕುಪತ್ರವನ್ನು, ಅಂದರೆ ಟೈಟಲ್ ಎಂದು ಕರೆಯುವ ಕಾಗದವನ್ನು ಹುಡುಕಿ ತೆಗೆದು, ಅದರಲ್ಲಿರುವ ಹೆಸರುಗಳನ್ನು ಗಮನಿಸಿ ಓದಬೇಕು. ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದರೆ ನಡುವೆ ಇರುವ ಶಬ್ದ 'ಅಥವಾ' ಎಂಬುದೋ 'ಮತ್ತು' ಎಂಬುದೋ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ 'ಅಥವಾ' ಇದ್ದರೆ ಬದುಕಿರುವವರೊಬ್ಬರ ಸಹಿಯೇ ಸಾಕಾಗುತ್ತದೆ. ಸಾಲ ಕೊಟ್ಟ ಬ್ಯಾಂಕಿನ ಹೆಸರು ಹಕ್ಕುಪತ್ರದಲ್ಲಿ ಇನ್ನೂ ಉಳಿದಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಹದಿನೈದು ವರ್ಷಗಳ ಹಿಂದೆಯೇ ತೀರಿದ ಸಾಲದ ಬ್ಯಾಂಕಿನ ಹೆಸರು ಕಾಗದದಲ್ಲಿ ಹಾಗೆಯೇ ಉಳಿದಿರುವುದು ಹಳೆಯ ಕಾರುಗಳಲ್ಲಿ ಸಾಮಾನ್ಯ. ಅಂಥ ಸಂದರ್ಭದಲ್ಲಿ ಬ್ಯಾಂಕಿನಿಂದ ಸಾಲಮುಕ್ತಿಯ ಪತ್ರವನ್ನು ತರಿಸಿಕೊಳ್ಳದೆ ಯಾವ ಸಂಸ್ಥೆಯೂ ಕಾರನ್ನು ಮುಟ್ಟುವುದಿಲ್ಲ.

ಹಕ್ಕುಪತ್ರ ತೀರಿಕೊಂಡವರೊಬ್ಬರ ಹೆಸರಿನಲ್ಲೇ ಇದ್ದರೆ ಎರಡು ದಾರಿಗಳಿವೆ. ನ್ಯಾಯಾಲಯದಲ್ಲಿ ಪ್ರೊಬೇಟ್, ಅಂದರೆ ಮೃತರ ಆಸ್ತಿಯನ್ನು ಇತ್ಯರ್ಥಪಡಿಸುವ ವಿಚಾರಣೆ, ನಡೆಯುತ್ತಿದ್ದರೆ, ಉಯಿಲಿನಲ್ಲಿ ಹೆಸರಿಸಿದ ಎಕ್ಸಿಕ್ಯೂಟರ್ ಅಥವಾ ನ್ಯಾಯಾಲಯ ನೇಮಿಸಿದ ಆಡಳಿತಗಾರರು ತಮಗೆ ದೊರೆತ ಅಧಿಕಾರಪತ್ರದ ಪ್ರಮಾಣಿತ ಪ್ರತಿಯೊಂದಿಗೆ ಸಹಿ ಮಾಡಬೇಕು. ಪ್ರೊಬೇಟಿನ ಅಗತ್ಯವೇ ಇಲ್ಲದಷ್ಟು ಸರಳವಾದ ಎಸ್ಟೇಟ್ ಆಗಿದ್ದರೆ, ಬಹುತೇಕ ರಾಜ್ಯಗಳಲ್ಲಿ ಪ್ರಮಾಣಪತ್ರವೊಂದರ ಮೂಲಕವೇ ಕಾರನ್ನು ವಾರಸುದಾರರ ಹೆಸರಿಗೆ ಮಾಡಿಕೊಳ್ಳಬಹುದು. ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆಯಲ್ಲಿ, ಅಂದರೆ ಎಲ್ಲರೂ ಡಿಎಂವಿ ಎನ್ನುವ ಕಚೇರಿಯಲ್ಲಿ, ಇದಕ್ಕೆ ಆರ್‌ಇಜಿ 5 ಎಂಬ ನಮೂನೆ ಇದೆ. ಸಾವು ಸಂಭವಿಸಿ 40 ದಿನಗಳಾದ ಮೇಲೆ ಮಾತ್ರ ಅದನ್ನು ಬಳಸಬಹುದು. ಈ ನಲವತ್ತು ದಿನಗಳನ್ನು ತಪ್ಪಿಸುವ ಉಪಾಯ ಹುಡುಕುವುದು ಬೇಡ. ಉತ್ತರಕ್ರಿಯೆ, ವೈಕುಂಠ ಸಮಾರಾಧನೆಗಳ ನಡುವೆ ಮನೆಯವರಿಗೆ ಕಾಗದಗಳನ್ನು ನೋಡುವ ಸ್ಥಿತಿಯೂ ಇರುವುದಿಲ್ಲ. ಮರಣ ಪ್ರಮಾಣಪತ್ರದ ಪ್ರಮಾಣಿತ ಪ್ರತಿಗಳನ್ನು ಮಾತ್ರ ಬೇಕೆನಿಸಿದ್ದಕ್ಕಿಂತ ನಾಲ್ಕು ಹೆಚ್ಚಾಗಿಯೇ ತರಿಸಿಟ್ಟುಕೊಳ್ಳಬೇಕು. ಬ್ಯಾಂಕು, ವಿಮೆ, ಡಿಎಂವಿ ಎಲ್ಲ ಕಡೆ ಅದು ಬೇಕಾಗುತ್ತದೆ.

ಎಕ್ಸಿಕ್ಯೂಟರ್ ಆದವರು ವಿಶೇಷ ಎಚ್ಚರ ವಹಿಸಬೇಕಾದ ಮಾತೊಂದಿದೆ. ಎಸ್ಟೇಟಿನ ಕಾರನ್ನು ತಮ್ಮ ಇಚ್ಛೆಯಂತೆ ದಾನ ಕೊಡುವ ಅಧಿಕಾರ ಅವರಿಗೆ ಇರುವುದಿಲ್ಲ. ಉಯಿಲಿನಲ್ಲಿ ಹಾಗೆಂದು ಬರೆದಿರಬೇಕು, ಇಲ್ಲವೇ ಆ ಕಾರಿನಲ್ಲಿ ಪಾಲುಳ್ಳ ಎಲ್ಲರೂ ಬರವಣಿಗೆಯಲ್ಲಿ ಒಪ್ಪಿರಬೇಕು. ಅದಕ್ಕೂ ಮೊದಲು ಮೃತರ ಸಾಲಗಳು ತೀರಬೇಕು. ಸಾಲ ಕೊಟ್ಟವರಿಗೆ ಸಲ್ಲಬೇಕಾದ ಆಸ್ತಿಯನ್ನು ದಾನ ಮಾಡಿದರೆ ಅದರ ಹೊಣೆ ಎಕ್ಸಿಕ್ಯೂಟರ್ ಅವರ ಸ್ವಂತ ತಲೆಯ ಮೇಲೆ ಬೀಳಬಹುದು. ಬೆಂಗಳೂರಿನಲ್ಲಿರುವ ತಂಗಿ ಫೋನಿನಲ್ಲಿ "ಆಯ್ತು ಅಣ್ಣಾ, ಕೊಟ್ಟುಬಿಡು" ಎಂದದ್ದನ್ನು ಒಂದು ಇಮೇಲಿನಲ್ಲಾದರೂ ಬರೆಸಿಕೊಳ್ಳುವುದು ಅಪನಂಬಿಕೆಯ ಕೆಲಸವಲ್ಲ. ಮುಂದೆ ಯಾರ ಮನಸ್ಸೂ ಕಹಿಯಾಗದಂತೆ ಅದು ಕಾಯುತ್ತದೆ.

ಎರಡನೆಯ ಹೆಜ್ಜೆ: ಯಾರ ಹೆಸರಿನಿಂದ ಕೊಡಬೇಕೆಂದು ನಿರ್ಧರಿಸುವುದು

ತೆರಿಗೆಯ ದೃಷ್ಟಿಯಿಂದ ನೋಡಿದರೆ ಇಡೀ ಕಾರ್ಯದ ತಿರುಳು ಇಲ್ಲಿದೆ, ಮತ್ತು ಇದನ್ನು ಮೊದಲೇ ಹೇಳಿಕೊಡುವವರು ಕಡಿಮೆ. ಎಸ್ಟೇಟ್ ತಾನೇ ನೇರವಾಗಿ ಕಾರನ್ನು ದಾನ ಮಾಡಿದರೆ ಸಾಮಾನ್ಯವಾಗಿ ಆದಾಯ ತೆರಿಗೆಯಲ್ಲಿ ಯಾರಿಗೂ ವಿನಾಯಿತಿ ದೊರೆಯುವುದಿಲ್ಲ. ಎಸ್ಟೇಟಿನ ಆದಾಯ ತೆರಿಗೆ ಪತ್ರವಾದ ಫಾರ್ಮ್ 1041ರಲ್ಲಿ ದಾನದ ಕಡಿತ (ತೆರಿಗೆ ಬೀಳುವ ಆದಾಯದಿಂದ ದಾನದ ಮೊತ್ತವನ್ನು ಕಳೆಯುವುದು) ಸಿಗಬೇಕಾದರೆ, ಆ ದಾನ ಎಸ್ಟೇಟಿನ ಆದಾಯದಿಂದ, ಉಯಿಲಿನ ನಿರ್ದೇಶನದಂತೆ ಕೊಟ್ಟದ್ದಾಗಿರಬೇಕು. ಗ್ಯಾರೇಜಿನಲ್ಲಿದ್ದ ಕಾರು ಆದಾಯವಲ್ಲ, ಅದು ಮೂಲ ಆಸ್ತಿ. ಉಯಿಲಿನಲ್ಲಿಯೇ ಕಾರನ್ನು ಇಂಥ ಸಂಸ್ಥೆಗೆ ಕೊಡಬೇಕೆಂದು ಬರೆದಿದ್ದರೆ ಅದು ಮೃತರ ದಾನವೇ ಹೊರತು ಮಕ್ಕಳದಲ್ಲ. ಅದರ ಬೆಲೆಯನ್ನು ಒಕ್ಕೂಟದ ಎಸ್ಟೇಟ್ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು. ಆದರೆ ಆ ತೆರಿಗೆ ಅನ್ವಯಿಸುವುದು ಬಹಳ ದೊಡ್ಡ ಆಸ್ತಿಗಳಿಗೆ ಮಾತ್ರ. 2025ರಲ್ಲಿ ತೀರಿಕೊಂಡವರಿಗೆ 1 ಕೋಟಿ 39 ಲಕ್ಷ 90 ಸಾವಿರ ಡಾಲರುಗಳವರೆಗೆ, 2026ರಲ್ಲಿ 1 ಕೋಟಿ 50 ಲಕ್ಷ ಡಾಲರುಗಳವರೆಗೆ ವಿನಾಯಿತಿ ಇದೆ.

ಉಯಿಲಿನಲ್ಲಿ ಅಂಥ ನಿರ್ದೇಶನವಿಲ್ಲದಿದ್ದಾಗ ಕಾರು ಮೊದಲು ವಾರಸುದಾರರಿಗೆ ಬಂದು, ಅನಂತರ ಅವರು ತಮ್ಮ ಸ್ವಂತ ಆಸ್ತಿಯಾಗಿ ಅದನ್ನು ದಾನ ಮಾಡುವುದು ಮೇಲು. ಆಗ ಕಡಿತ ಅವರ ಲೆಕ್ಕಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಕೊನೆಗೆ ಹೀಗೆಯೇ ಮಾಡಿದೆವು: ಕಾರು ದೊಡ್ಡಮ್ಮನವರ ಹೆಸರಿಗೆ ಬಂತು, ದಾನವನ್ನು ಕೊಟ್ಟವರು ಅವರು. ದಾನದ ಅರ್ಜಿಯಲ್ಲಿ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯನ್ನು, ಅಂದರೆ ತೆರಿಗೆಗೆ ಬಳಸುವ ವೈಯಕ್ತಿಕ ಗುರುತಿನ ಸಂಖ್ಯೆಯನ್ನು, ಕೇಳುವ ಕಡೆ ದಾನಿಯ ಸಂಖ್ಯೆಯನ್ನೇ ಬರೆಯಬೇಕು. ರೂಢಿಯ ಮೇಲೆ ಮೃತರ ಸಂಖ್ಯೆಯನ್ನು ಬರೆದುಬಿಟ್ಟರೆ ಮುಂದೆ ಬರುವ ತೆರಿಗೆ ನಮೂನೆ ಯಾರ ಉಪಯೋಗಕ್ಕೂ ಬರುವುದಿಲ್ಲ. ವಾರಸುದಾರರಲ್ಲಿ ಒಬ್ಬರು ಕರ್ನಾಟಕದಲ್ಲಿ ನೆಲೆಸಿದ್ದು ಅಮೆರಿಕದಲ್ಲಿ ಅವರಿಗೆ ಆದಾಯವೇ ಇಲ್ಲದಿದ್ದರೆ, ಅವರ ಹೆಸರಿಗೆ ಕಾರು ಬರೆಸಿ ದಾನ ಕೊಡಿಸುವುದರಿಂದ ತೆರಿಗೆಯ ಪ್ರಯೋಜನವೇನೂ ಇಲ್ಲ.

ಮೂರನೆಯ ಹೆಜ್ಜೆ: ಕಾರನ್ನು ಕೊಡುವುದೋ, ಮಾರಿ ಹಣ ಕೊಡುವುದೋ

ದಾನವಾಗಿ ಬಂದ ಕಾರನ್ನು ಹೆಚ್ಚಿನ ಸಂಸ್ಥೆಗಳು ತಾವು ಬಳಸುವುದಿಲ್ಲ. ಅವು ಅದನ್ನು ಹರಾಜಿಗೆ ಕಳಿಸುತ್ತವೆ. ಬಂದ ಹಣದಲ್ಲಿ ಲಾರಿಯ ಬಾಡಿಗೆ, ಹರಾಜಿನ ಶುಲ್ಕ, ನಡುವಿನ ಕಂಪನಿಯ ಪಾಲು ಕಳೆದು ಉಳಿದದ್ದು ಸಂಸ್ಥೆಗೆ ಸೇರುತ್ತದೆ. 2004ರ ಅಂತ್ಯದವರೆಗೆ ದಾನಿಗಳು ಬಳಸಿದ ಕಾರುಗಳ ಬೆಲೆಪಟ್ಟಿಯಲ್ಲಿದ್ದ ಮಾರುಕಟ್ಟೆ ಬೆಲೆಯನ್ನು ತಾವೇ ನಮೂದಿಸಿ ತೆರಿಗೆ ಕಡಿತ ಪಡೆಯುತ್ತಿದ್ದರು. 2004ರ ಅಮೆರಿಕನ್ ಜಾಬ್ಸ್ ಕ್ರಿಯೇಷನ್ ಆಕ್ಟ್ ಆ ಪದ್ಧತಿಯನ್ನು ನಿಲ್ಲಿಸಿತು. 2005ರ ಜನವರಿಯಿಂದೀಚೆಗೆ, ಸಂಸ್ಥೆ ಕಾರನ್ನು ಹಾಗೆಯೇ ಮಾರಿದಾಗ ದಾನಿಗೆ ಸಿಗುವ ಕಡಿತ ಆ ಮಾರಾಟದಲ್ಲಿ ಬಂದ ಒಟ್ಟು ಹಣವನ್ನು ಮೀರುವಂತಿಲ್ಲ.

ಹಳೆಯ ಐಷಾರಾಮಿ ಸೆಡಾನ್‌ಗಳ ವಿಷಯದಲ್ಲಿ ಇದು ಹೆಚ್ಚು ಮುಖ್ಯ. ಹರಾಜಿನ ಅಂಗಳದಲ್ಲಿ ಸ್ಟಾರ್ಟ್ ಆಗದೆ ನಿಂತ ಇಪ್ಪತ್ತು ವರ್ಷದ ದೊಡ್ಡ ಕಾರಿಗೆ ಕೊಳ್ಳುವವರು ಕಡಿಮೆ ಬೆಲೆಯನ್ನೇ ಕೂಗುತ್ತಾರೆ, ಏಕೆಂದರೆ ಅದರ ರಿಪೇರಿ ಖರ್ಚು ಇಂದಿಗೂ ಐಷಾರಾಮಿ ಕಾರಿನದೇ ಆಗಿರುತ್ತದೆ. 1998ರಿಂದ 2005ರವರೆಗೆ ಬಂದ ಮರ್ಸಿಡಿಸ್ ಎಸ್ ಕ್ಲಾಸ್‌ನಲ್ಲಿ ಗಾಳಿಯ ಸಸ್ಪೆನ್ಷನ್ ಇದೆ. ಅದು ಸೋರತೊಡಗಿದರೆ ಕಾರು ನೆಲಕ್ಕೆ ಕುಸಿದು ನಿಲ್ಲುತ್ತದೆ. ತೊಂಬತ್ತರ ದಶಕದ ಮೊದಲ ಭಾಗದ ಮರ್ಸಿಡಿಸ್‌ಗಳಲ್ಲಿ ಎಂಜಿನ್ನಿನ ವೈರುಗಳ ಹೊದಿಕೆ ಪುಡಿಯಾಗಿ ಉದುರುವ ದೋಷ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ಆದರೆ ಅದೇ ಕಾರನ್ನು ರಸೀದಿಗಳ ಸಮೇತ, ಅದರ ಬೆಲೆ ಬಲ್ಲ ವ್ಯಕ್ತಿಗೆ ನೇರವಾಗಿ ಮಾರಿದರೆ ಸಿಗುವ ಹಣ ಬೇರೆಯೇ. ಚೆನ್ನಾಗಿ ನೋಡಿಕೊಂಡ ಲೆಕ್ಸಸ್ ಎಲ್‌ಎಸ್ 400 ಅಥವಾ 430, 2011ರಲ್ಲಿ ತಯಾರಿಕೆ ನಿಂತ ಲಿಂಕನ್ ಟೌನ್ ಕಾರ್, ಇಂಥವುಗಳನ್ನು ಪ್ರೀತಿಯಿಂದ ಹುಡುಕಿಕೊಂಡು ಬರುವವರಿದ್ದಾರೆ. 1975ರಿಂದ 1980ರ ನಡುವಿನ ಮರ್ಸಿಡಿಸ್ 450 ಎಸ್‌ಇಎಲ್ 6.9ರಂಥ ಕಾರು ಗ್ಯಾರೇಜಿನಲ್ಲಿದ್ದರೆ ಅದು ಸಂಗ್ರಾಹಕರ ವಸ್ತು. ಅದನ್ನು ಸಾಮಾನ್ಯ ಕಾರು ದಾನದ ಲಾರಿಗೆ ಹತ್ತಿಸುವುದು ದಾನ ಪಡೆಯುವವರಿಗೇ ನಷ್ಟ.

ಹಾಗಾಗಿ ನನ್ನ ಅಭಿಪ್ರಾಯ ಹೀಗಿದೆ: ಕಾರು ಓಡುವ ಸ್ಥಿತಿಯಲ್ಲಿದ್ದು, ಮನೆಯಲ್ಲಿ ಒಬ್ಬರಿಗೆ ಮೂರು ವಾರಗಳ ಬಿಡುವಿದ್ದರೆ, ಅದನ್ನು ಮಾರಿ ಪೂರ್ತಿ ಹಣವನ್ನು ಸಂಸ್ಥೆಗೆ ಕೊಡುವುದೇ ಹೆಚ್ಚಿನ ದಾನ. ವಾರಸಾಗಿ ಬಂದ ವಸ್ತುವಿಗೆ ತೆರಿಗೆಯ ಲೆಕ್ಕದಲ್ಲಿ ಮೂಲಬೆಲೆಯೆಂದರೆ ಸಾವಿನ ದಿನದ ಮಾರುಕಟ್ಟೆ ಬೆಲೆ. ಆದ್ದರಿಂದ ಕೆಲವೇ ತಿಂಗಳಲ್ಲಿ ಮಾರಿದಾಗ ಲಾಭದ ತೆರಿಗೆಯ ಭಯ ಸಾಮಾನ್ಯವಾಗಿ ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಾರುವವರೇ 90 ದಿನಗಳೊಳಗಿನ ಹೊಗೆ ತಪಾಸಣೆಯ ಪ್ರಮಾಣಪತ್ರವನ್ನು ಒದಗಿಸಬೇಕೆಂಬುದನ್ನು ಮಾತ್ರ ಮರೆಯಬಾರದು. ಹಣವನ್ನು ಚೆಕ್ ಮೂಲಕ ಕೊಟ್ಟು, ಮೊತ್ತ 250 ಡಾಲರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಂಸ್ಥೆಯಿಂದ ಲಿಖಿತ ಸ್ವೀಕೃತಿ ಪಡೆಯಬೇಕು. ಕಾರು ನಿಂತಲ್ಲೇ ನಿಂತು ಕೆಟ್ಟಿದ್ದರೆ, ಅಥವಾ ದುಃಖದ ನಡುವೆ ಅಪರಿಚಿತರೊಂದಿಗೆ ಬೆಲೆ ಮಾತಾಡುವ ಶಕ್ತಿ ಮನೆಯವರಿಗೆ ಇಲ್ಲದಿದ್ದರೆ, ಕಾರನ್ನೇ ಕೊಡುವುದು ಸರಿಯಾದ ದಾರಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ನಮ್ಮ ದೊಡ್ಡಮ್ಮನವರು ಆರಿಸಿಕೊಂಡದ್ದು ಈ ಎರಡನೆಯದನ್ನೇ.

"ಊರಿಗೆ ಕಳಿಸಿ ಅಲ್ಲಿನ ಆಶ್ರಮಕ್ಕೋ ಶಾಲೆಗೋ ಕೊಡಬಹುದಲ್ಲ" ಎಂಬ ಮಾತು ನಮ್ಮ ಮನೆಯಲ್ಲೂ ಬಂತು. ಅದು ಆಗದ ಮಾತು. ಭಾರತಕ್ಕೆ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು ಮತ್ತು ಅದರ ಸ್ಟೀರಿಂಗ್ ಬಲಗಡೆ ಇರಬೇಕೆಂಬ ನಿಯಮವಿದೆ. ಕಾರನ್ನು ಮಾರಿದ ಹಣವನ್ನು ಊರಿನ ಟ್ರಸ್ಟಿಗೆ ನೇರವಾಗಿ ಕಳಿಸಬಹುದು, ಆದರೆ ಭಾರತದ ಸಂಸ್ಥೆಗೆ ನೇರವಾಗಿ ಕೊಟ್ಟ ದಾನಕ್ಕೆ ಅಮೆರಿಕದ ಆದಾಯ ತೆರಿಗೆಯಲ್ಲಿ ಕಡಿತ ದೊರೆಯುವುದಿಲ್ಲ. ಊರಿನಿಂದ ಓದಲು ಬಂದ ಹುಡುಗನಿಗೆ ಕಾರನ್ನು ಉಡುಗೊರೆಯಾಗಿ ಕೊಡುವುದೂ ಹಾಗೆಯೇ: ಅದು ಒಳ್ಳೆಯ ಕೆಲಸ, ಆದರೆ ವ್ಯಕ್ತಿಗೆ ಕೊಟ್ಟದ್ದು ತೆರಿಗೆಯ ಲೆಕ್ಕದಲ್ಲಿ ದಾನವಾಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ಸಂಸ್ಥೆಯನ್ನು ಪರೀಕ್ಷಿಸಿ ಆರಿಸುವುದು

ರೇಡಿಯೊದಲ್ಲಿ ಕೇಳಿದ ಹಾಡು, ರಸ್ತೆಬದಿಯ ಫಲಕ, ಅಂಚೆಯಲ್ಲಿ ಬಂದ ಕಾಗದ ಇವುಗಳನ್ನು ನೋಡಿ ಸಂಸ್ಥೆಯನ್ನು ಆರಿಸಬಾರದು. ಸಂಸ್ಥೆ 501(ಸಿ)(3) ವರ್ಗಕ್ಕೆ, ಅಂದರೆ ಕೊಟ್ಟ ದಾನಕ್ಕೆ ಕಡಿತ ದೊರೆಯುವ ಧರ್ಮಾದಾಯ ಸಂಸ್ಥೆಗಳ ವರ್ಗಕ್ಕೆ, ಸೇರಿದ್ದೇ ಎಂಬುದನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ತನ್ನ ಜಾಲತಾಣದಲ್ಲಿ ಇಟ್ಟಿರುವ ತೆರಿಗೆ ವಿನಾಯಿತಿ ಸಂಸ್ಥೆಗಳ ಹುಡುಕಾಟದಲ್ಲಿ ನೋಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಅಟಾರ್ನಿ ಜನರಲ್ ಅವರ ಕಚೇರಿಯ ಧರ್ಮಾದಾಯ ಸಂಸ್ಥೆಗಳ ನೋಂದಣಿಯಲ್ಲೂ ಹೆಸರು ಚಾಲ್ತಿಯಲ್ಲಿದೆಯೇ ಎಂದು ತಿಳಿಯಬಹುದು. ದೇವಸ್ಥಾನಗಳ ವಿಷಯ ಸ್ವಲ್ಪ ಬೇರೆ: ಪೂಜಾಸ್ಥಳಗಳು ವಾರ್ಷಿಕ ವರದಿಯನ್ನು ಸಲ್ಲಿಸಬೇಕಾಗಿಲ್ಲ, ಕೆಲವೊಮ್ಮೆ ಪಟ್ಟಿಯಲ್ಲಿಯೂ ಇರುವುದಿಲ್ಲ, ಆಗ ಐಆರ್‌ಎಸ್ ನೀಡಿದ ಮಾನ್ಯತಾ ಪತ್ರದ ಪ್ರತಿಯನ್ನು ಆಡಳಿತ ಮಂಡಳಿಯಿಂದ ಕೇಳಿ ಪಡೆಯಬೇಕು. ನಿಮ್ಮ ಊರಿನ ಕನ್ನಡ ಕೂಟಕ್ಕೂ ಅದೇ ಮಾತು. ಹೆಸರಿನಲ್ಲಿ ಸಂಘ ಎಂದಿದ್ದ ಮಾತ್ರಕ್ಕೆ ಅದಕ್ಕೆ ಈ ಮಾನ್ಯತೆ ಇದೆಯೆಂದು ಭಾವಿಸಬಾರದು. ಅಲ್ಲದೆ ಸಣ್ಣ ಕೂಟವೊಂದಕ್ಕೆ ಕಾರನ್ನು ಸ್ವೀಕರಿಸಿ, ಮಾರಿ, ತೆರಿಗೆ ನಮೂನೆಗಳನ್ನು ತುಂಬಿ ಕಳಿಸುವುದು ಭಾರದ ಕೆಲಸ. ಅಂಥ ಕಡೆ ಕಾರನ್ನು ಮಾರಿ ಹಣ ಕೊಡುವುದು ಅವರಿಗೂ ಉಪಕಾರ.

ಸಂಸ್ಥೆಗೆ ಫೋನ್ ಮಾಡಿದಾಗ ಕೇಳಬೇಕಾದ ಮುಖ್ಯ ಪ್ರಶ್ನೆ: ಕಾರನ್ನು ನೀವೇ ತೆಗೆದುಕೊಳ್ಳುತ್ತೀರೋ ಅಥವಾ ಬೇರೆ ಕಂಪನಿಯ ಮೂಲಕವೋ, ಮತ್ತು ಮಾರಿದ ಹಣದಲ್ಲಿ ನಿಮ್ಮ ಕೈಗೆ ಎಷ್ಟು ಸೇರುತ್ತದೆ? ಪ್ರಾಮಾಣಿಕ ಸಂಸ್ಥೆ ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಉತ್ತರವನ್ನು ಕಾಗದದಲ್ಲಿ ನೋಡಬೇಕೆಂದಿದ್ದರೆ ಸಂಸ್ಥೆಯ ವಾರ್ಷಿಕ ವರದಿಯಾದ ಫಾರ್ಮ್ 990 ಸಾರ್ವಜನಿಕ ದಾಖಲೆಯಾಗಿದೆ. ಅದರ ಷೆಡ್ಯೂಲ್ ಜಿ ಭಾಗದಲ್ಲಿ ಹಣ ಸಂಗ್ರಹಿಸಿಕೊಡುವ ಕಂಪನಿ ಎಷ್ಟು ಸಂಗ್ರಹಿಸಿತು, ಎಷ್ಟನ್ನು ತಾನು ಇಟ್ಟುಕೊಂಡಿತು, ಎಷ್ಟನ್ನು ಸಂಸ್ಥೆಗೆ ಕೊಟ್ಟಿತು ಎಂಬ ಮೂರು ಅಂಕಣಗಳಿರುತ್ತವೆ. ಷೆಡ್ಯೂಲ್ ಎಂ ಭಾಗದಲ್ಲಿ ಆ ವರ್ಷ ಬಂದ ವಾಹನಗಳ ಲೆಕ್ಕವಿರುತ್ತದೆ. ನಾವು ಮೊದಲು ಆರಿಸಿದ್ದ ಸಂಸ್ಥೆಯ ಷೆಡ್ಯೂಲ್ ಜಿ ನೋಡಿದ ಮೇಲೆ ನಿರ್ಧಾರವನ್ನು ಬದಲಿಸಿದೆವು.

ಕಾರನ್ನು ಹರಾಜಿಗೆ ಹಾಕದೆ ಅಗತ್ಯವಿರುವ ಕುಟುಂಬಕ್ಕೇ ಕೊಡುವ ಸಂಸ್ಥೆಗಳೂ ಇವೆ. ಮೇರಿಲ್ಯಾಂಡಿನ ವೆಹಿಕಲ್ಸ್ ಫಾರ್ ಚೇಂಜ್ ಅಂಥ ಕೆಲಸ ಮಾಡುತ್ತದೆ. ಇನ್ನು ಮನೆ ಕಟ್ಟಿಕೊಡುವ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ, ಕಾರ್ಸ್ ಫಾರ್ ಹೋಮ್ಸ್ ಎಂಬ ಹೆಸರಿನಲ್ಲಿ ಕಾರುಗಳನ್ನು ಸ್ವೀಕರಿಸಿ, ಬಂದ ಹಣವನ್ನು ಮನೆಗಳಿಗೆ ಬಳಸುತ್ತದೆ. ಆದರೆ ದೊಡ್ಡ ಎಂಟು ಸಿಲಿಂಡರಿನ ಕಾರು ಕಷ್ಟದಲ್ಲಿರುವ ಕುಟುಂಬಕ್ಕೆ ಭಾರವಾಗಬಹುದೆಂಬುದನ್ನೂ ಯೋಚಿಸಬೇಕು. ದುಬಾರಿ ಪೆಟ್ರೋಲು, ದುಬಾರಿ ಬಿಡಿಭಾಗಗಳು ಬೇಕಾಗುವ ಕಾರನ್ನು ದಿನದ ದುಡಿಮೆಯವರ ಕೈಗಿಡುವುದಕ್ಕಿಂತ, ಅದನ್ನು ಮಾರಿದ ಹಣ ಅವರಿಗೆ ಒದಗುವುದೇ ಕೆಲವೊಮ್ಮೆ ಸರಿ.

ಐದನೆಯ ಹೆಜ್ಜೆ: ಕಾರನ್ನು ಸಿದ್ಧಪಡಿಸುವುದು

ಇಲ್ಲಿ ಹೆಚ್ಚು ಖರ್ಚು ಮಾಡಬೇಕಾಗಿಲ್ಲ. ತಿಂಗಳುಗಟ್ಟಲೆ ನಿಂತ ಕಾರಿನ ಬ್ಯಾಟರಿ ಸತ್ತಿರುತ್ತದೆ. ಹೊಸ ಬ್ಯಾಟರಿಯೊಂದನ್ನು ಹಾಕಿ, ಎಂಜಿನ್ ಸ್ಟಾರ್ಟ್ ಆಗುವಂತೆ ಮಾಡಿದರೆ ಹರಾಜಿನ ಬೆಲೆಗೆ ಅದರಿಂದ ಸಹಾಯವಾಗುತ್ತದೆ, ಮತ್ತು ಅನೇಕ ಐಷಾರಾಮಿ ಕಾರುಗಳಲ್ಲಿ ವಿದ್ಯುತ್ ಇಲ್ಲದೆ ಬಾಗಿಲು, ಡಿಕ್ಕಿ ತೆರೆಯುವುದೇ ಕಷ್ಟ. ಮೂಲ ಕೀಲಿಗಳೆರಡನ್ನೂ ಹುಡುಕಿ ಒಟ್ಟಿಗೆ ಕೊಡಬೇಕು. ಇಂಥ ಕಾರುಗಳ ಎಲೆಕ್ಟ್ರಾನಿಕ್ ಕೀಲಿಯೊಂದನ್ನು ಹೊಸದಾಗಿ ಮಾಡಿಸುವುದು ದುಬಾರಿ. ಗಾಳಿಯ ಸಸ್ಪೆನ್ಷನ್ ಕುಸಿದಿದ್ದರೆ ಚಪ್ಪಟೆ ಹಾಸಿನ ಲಾರಿಯನ್ನೇ ಕಳಿಸಬೇಕೆಂದು ಮೊದಲೇ ತಿಳಿಸಬೇಕು. ಏರ್‌ಬ್ಯಾಗಿನಂಥ ಸುರಕ್ಷತಾ ಭಾಗಗಳನ್ನು ತಯಾರಕರು ವಾಪಸು ಕರೆದಿದ್ದಾರೆಯೇ ಎಂಬುದನ್ನು ಹೆದ್ದಾರಿ ಸುರಕ್ಷತಾ ಇಲಾಖೆಯಾದ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಕಾರಿನ ಗುರುತಿನ ಸಂಖ್ಯೆಯಾದ ವಿಐಎನ್ ಅನ್ನು ಹಾಕಿ ಉಚಿತವಾಗಿ ನೋಡಬಹುದು. ಅದನ್ನು ಮುಚ್ಚಿಟ್ಟು ಕೊಡುವುದು ತರವಲ್ಲ.

ಕಾರಿನೊಳಗೆ ಉಳಿದಿರುವ ಮನೆಯ ಗುರುತುಗಳನ್ನು ಅಳಿಸುವುದು ಇನ್ನೂ ಅಗತ್ಯ. ನ್ಯಾವಿಗೇಷನ್ನಿನಲ್ಲಿ ಮನೆಯ ವಿಳಾಸ, ಫೋನಿನಿಂದ ಬಂದ ಹೆಸರುಗಳು ಇರುತ್ತವೆ. ಕನ್ನಡಿಯ ಬಳಿ ಇರುವ ಹೋಮ್‌ಲಿಂಕ್ ಗುಂಡಿಗಳು ಮನೆಯ ಗ್ಯಾರೇಜಿನ ಬಾಗಿಲನ್ನು ತೆರೆಯುತ್ತವೆ; ಮೂರರಲ್ಲಿ ಎಡ ಮತ್ತು ಬಲ ತುದಿಯ ಎರಡು ಗುಂಡಿಗಳನ್ನು ದೀಪ ಮಿನುಗುವವರೆಗೆ ಒಟ್ಟಿಗೆ ಒತ್ತಿ ಹಿಡಿದರೆ ಅವು ಅಳಿಸಿಹೋಗುತ್ತವೆ. ಟೋಲಿನ ಫಾಸ್ಟ್ರ್ಯಾಕ್ ಅಥವಾ ಈಝಿಪಾಸ್ ಪೆಟ್ಟಿಗೆಯನ್ನು ಕಿತ್ತುಕೊಳ್ಳಬೇಕು, ಖಾತೆಯಿಂದ ಕಾರಿನ ಸಂಖ್ಯೆಯನ್ನು ತೆಗೆಸಬೇಕು. ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಗಣಪತಿ, ಕನ್ನಡಿಗೆ ಕಟ್ಟಿದ ಜಪಮಾಲೆ, ಸೀಟಿನ ಕೆಳಗೆ ಸೇರಿಹೋದ ಭಾವಗೀತೆಗಳ ಸಿಡಿಗಳು, ಡಿಕ್ಕಿಯಲ್ಲಿ ಉಳಿದ ಶಾಲು, ಇವುಗಳನ್ನು ಲಾರಿ ಬರುವ ದಿನದ ಆತುರಕ್ಕೆ ಬಿಡದೆ, ಮನೆಯವರೆಲ್ಲರೂ ಇರುವ ಒಂದು ಭಾನುವಾರ ಕುಳಿತು ತೆಗೆಯಿರಿ. ನಮ್ಮ ದೊಡ್ಡಮ್ಮನವರು ಆ ಸಂಜೆ ಮುಂದಿನ ಸೀಟಿನಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಯಾರೂ ಅವರನ್ನು ಎಬ್ಬಿಸಲಿಲ್ಲ.

ಈ ಅವಧಿಯಲ್ಲಿ ವಿಮಾ ಕಂಪನಿಗೆ ಸಾವಿನ ಸುದ್ದಿಯನ್ನು ತಿಳಿಸಬೇಕು, ಆದರೆ ಪಾಲಿಸಿಯನ್ನು ಆಗಲೇ ರದ್ದುಪಡಿಸಬಾರದು. ಯಾರು ಓಡಿಸಿದರೆ ರಕ್ಷಣೆ ಇರುತ್ತದೆಂದು ಅವರನ್ನೇ ಕೇಳಿ ಬರವಣಿಗೆಯಲ್ಲಿ ಪಡೆಯುವವರೆಗೆ ಮೊಮ್ಮಕ್ಕಳು "ಒಂದು ಸುತ್ತು" ಎಂದು ಕಾರನ್ನು ರಸ್ತೆಗೆ ಇಳಿಸುವುದು ಬೇಡ.

ಆರನೆಯ ಹೆಜ್ಜೆ: ಹಸ್ತಾಂತರದ ದಿನ

ಹಕ್ಕುಪತ್ರದಲ್ಲಿ ಹೊಸ ಮಾಲೀಕರ ಜಾಗವನ್ನು ಖಾಲಿ ಬಿಟ್ಟು ಸಹಿ ಮಾಡಿ ಕೊಡಬಾರದು. ಸಂಸ್ಥೆಯ ಹೆಸರನ್ನು ಅಲ್ಲಿ ಬರೆದೇ ಕೊಡಬೇಕು. ಖಾಲಿ ಬಿಟ್ಟ ಕಾಗದ ಕೈಯಿಂದ ಕೈಗೆ ಹೋಗುತ್ತದೆ, ನೋಂದಣಿಯಾಗದೆ ಓಡುವ ಕಾರಿನ ಪಾರ್ಕಿಂಗ್ ದಂಡ, ಟೋಲಿನ ಬಾಕಿ ಎಲ್ಲವೂ ನಿಮ್ಮ ಮನೆಯ ವಿಳಾಸಕ್ಕೇ ಬರುತ್ತವೆ. 2011 ಮತ್ತು ಅನಂತರದ ಮಾದರಿಯ ಕಾರಾದರೆ ಎಷ್ಟು ಮೈಲಿ ಓಡಿದೆ ಎಂಬುದನ್ನು ನಮೂದಿಸಿ ಸಹಿ ಮಾಡಬೇಕು. 2010 ಮತ್ತು ಅದಕ್ಕಿಂತ ಹಿಂದಿನ ಮಾದರಿಗಳಿಗೆ ಒಕ್ಕೂಟದ ನಿಯಮದಲ್ಲಿ ಈ ಕಡ್ಡಾಯವಿಲ್ಲ. ಲಾರಿಯ ಚಾಲಕರಿಂದ ದಿನಾಂಕ, ವಿಐಎನ್ ಸಂಖ್ಯೆ, ಸಂಸ್ಥೆಯ ಹೆಸರು ಇರುವ ರಸೀದಿಯನ್ನು ಪಡೆದು, ಕಾರು ಲಾರಿಯ ಮೇಲೇರಿದಾಗ ಒಂದು ಚಿತ್ರ ತೆಗೆದುಕೊಳ್ಳಬೇಕು.

ಕ್ಯಾಲಿಫೋರ್ನಿಯಾದಲ್ಲಿ ಹಸ್ತಾಂತರವಾದ ಐದು ದಿನಗಳೊಳಗೆ ಡಿಎಂವಿಗೆ ಹೊಣೆಮುಕ್ತಿಯ ಸೂಚನೆಯನ್ನು, ಅಂದರೆ ಆರ್‌ಇಜಿ 138 ನಮೂನೆಯನ್ನು ಸಲ್ಲಿಸಬೇಕು. ಇದನ್ನು ಆನ್‌ಲೈನಿನಲ್ಲಿಯೇ ಮಾಡಬಹುದು. ಅಲ್ಲಿ ಸಾಮಾನ್ಯವಾಗಿ ನಂಬರ್ ಪ್ಲೇಟು ಕಾರಿನೊಂದಿಗೇ ಹೋಗುತ್ತದೆ. ನ್ಯೂಯಾರ್ಕಿನಲ್ಲಿ ಹಾಗಲ್ಲ: ಪ್ಲೇಟುಗಳನ್ನು ಬಿಚ್ಚಿ ಡಿಎಂವಿಗೆ ಒಪ್ಪಿಸಬೇಕು, ಒಪ್ಪಿಸಿದ ಮೇಲೆಯೇ ವಿಮೆಯನ್ನು ರದ್ದುಪಡಿಸಬೇಕು. ಯಾವ ರಾಜ್ಯವಾದರೂ ಈ ಸೂಚನೆಗಳು ಸಲ್ಲಿಕೆಯಾಗುವ ಮೊದಲು ವಿಮೆಯನ್ನು ನಿಲ್ಲಿಸುವುದು ಸುರಕ್ಷಿತವಲ್ಲ.

ಏಳನೆಯ ಹೆಜ್ಜೆ: ತೆರಿಗೆಯ ಕಾಗದ

ಸಂಸ್ಥೆ ಕಾರನ್ನು 500 ಡಾಲರಿಗಿಂತ ಹೆಚ್ಚಿನ ಬೆಲೆಗೆ ಮಾರಿದರೆ, ಮಾರಿದ 30 ದಿನಗಳೊಳಗೆ ದಾನಿಗೆ ಫಾರ್ಮ್ 1098-ಸಿ ಕಳಿಸಬೇಕು. ಅದರಲ್ಲಿ ಮಾರಾಟದ ದಿನಾಂಕ ಮತ್ತು ಒಟ್ಟು ಮೊತ್ತ ಇರುತ್ತದೆ. ಆ ಮೊತ್ತವೇ ನಿಮ್ಮ ಕಡಿತದ ಮೇರೆ. ಅದು ಖರ್ಚುಗಳನ್ನು ಕಳೆಯುವ ಮೊದಲಿನ ಮೊತ್ತ, ಆದ್ದರಿಂದ ಸಂಸ್ಥೆಯ ಕೈಗೆ ಸೇರಿದ್ದು ಅದಕ್ಕಿಂತ ಕಡಿಮೆ. 500 ಡಾಲರು ಅಥವಾ ಅದಕ್ಕಿಂತ ಕಡಿಮೆಗೆ ಮಾರಾಟವಾದರೆ, ಮಾರುಕಟ್ಟೆ ಬೆಲೆ ಮತ್ತು 500 ಡಾಲರು ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಕಳೆಯಬಹುದು. ಉದಾಹರಣೆಗೆ, ಮಾರುಕಟ್ಟೆಯಲ್ಲಿ 1,200 ಡಾಲರು ಬಾಳುವ ಕಾರು ಹರಾಜಿನಲ್ಲಿ 350 ಡಾಲರಿಗೆ ಹೋದರೂ 500 ಡಾಲರು ಕಡಿತ ಸಿಗುತ್ತದೆ.

ಸಂಸ್ಥೆ ಕಾರನ್ನು ತನ್ನ ಕೆಲಸಕ್ಕೆ ಗಣನೀಯವಾಗಿ ಬಳಸಿದರೆ, ದೊಡ್ಡ ದುರಸ್ತಿ ಮಾಡಿಸಿ ಅದರ ಬೆಲೆಯನ್ನು ಹೆಚ್ಚಿಸಿದರೆ, ಅಥವಾ ಬಡವರಿಗೆ ಉಚಿತವಾಗಿ ಇಲ್ಲವೇ ಬಹಳ ಕಡಿಮೆ ಬೆಲೆಗೆ ಕೊಟ್ಟರೆ, ದಾನದ ದಿನದ ಮಾರುಕಟ್ಟೆ ಬೆಲೆಯನ್ನೇ ಕಳೆಯಬಹುದು. ತೊಳೆದು ಒರೆಸುವುದು, ಸಣ್ಣಪುಟ್ಟ ರಿಪೇರಿ ಮಾಡಿಸುವುದು ಇದರಲ್ಲಿ ಸೇರುವುದಿಲ್ಲ. ಈ ಸಂದರ್ಭಗಳಲ್ಲಿ ಸಂಸ್ಥೆ ದಾನ ಪಡೆದ 30 ದಿನಗಳೊಳಗೆ 1098-ಸಿಯಲ್ಲಿ ತನ್ನ ಉದ್ದೇಶವನ್ನು ಬರೆದುಕೊಡಬೇಕು. ಬೆಲೆಪಟ್ಟಿಯನ್ನು ನೋಡುವಾಗ ಡೀಲರ್ ಅಂಗಡಿಯ ಬೆಲೆಯನ್ನು ಬಿಟ್ಟು, ವ್ಯಕ್ತಿಯಿಂದ ವ್ಯಕ್ತಿಗೆ ಮಾರುವ ಬೆಲೆಯನ್ನು ಕಾರಿನ ನಿಜವಾದ ಸ್ಥಿತಿಗೆ ತಕ್ಕಂತೆ ತೆಗೆದುಕೊಳ್ಳಬೇಕು. ಹೀಗೆ ಮಾರುಕಟ್ಟೆ ಬೆಲೆಯ ಮೇಲೆ ಕೇಳುವ ಕಡಿತ 5,000 ಡಾಲರನ್ನು ಮೀರಿದರೆ, ಅರ್ಹ ಮೌಲ್ಯಮಾಪಕರ ಲಿಖಿತ ವರದಿ ಮತ್ತು ಹಣವಲ್ಲದ ದಾನಗಳನ್ನು ತೋರಿಸುವ ಫಾರ್ಮ್ 8283ರ ಬಿ ಭಾಗ ಬೇಕು. ಕಡಿತ 500 ಡಾಲರು ಮೀರಿದ ಎಲ್ಲ ಸಂದರ್ಭಗಳಲ್ಲೂ 1098-ಸಿಯ ಪ್ರತಿಯನ್ನು ತೆರಿಗೆ ಪತ್ರಕ್ಕೆ ಲಗತ್ತಿಸಬೇಕು.

ಇಷ್ಟೆಲ್ಲ ಆದ ಮೇಲೂ ಈ ಕಡಿತದ ಪ್ರಯೋಜನ ಪಡೆಯುವವರು ಕೆಲವರು ಮಾತ್ರ. ತೆರಿಗೆ ಪತ್ರದ ಷೆಡ್ಯೂಲ್ ಎ ಭಾಗದಲ್ಲಿ ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸುವವರಿಗಷ್ಟೇ ಅದು ದೊರೆಯುತ್ತದೆ. ಖರ್ಚು ತೋರಿಸದೆಯೇ ಸಿಗುವ ಸಾಮಾನ್ಯ ಕಡಿತ 2025ರಲ್ಲಿ ಒಂಟಿ ವ್ಯಕ್ತಿಗೆ 15,750, ಜಂಟಿಯಾಗಿ ಸಲ್ಲಿಸುವ ದಂಪತಿಗೆ 31,500 ಡಾಲರುಗಳಿರುವಾಗ ಅನೇಕ ಕುಟುಂಬಗಳು ಬಿಡಿಬಿಡಿಯಾಗಿ ತೋರಿಸುವುದೇ ಇಲ್ಲ. 2026ರಿಂದ ಹಾಗೆ ತೋರಿಸದವರಿಗೂ ಒಂಟಿಗೆ 1,000, ದಂಪತಿಗೆ 2,000 ಡಾಲರುಗಳವರೆಗೆ ದಾನದ ಕಡಿತ ಬಂದಿದೆ, ಆದರೆ ಅದು ಹಣವಾಗಿ ಕೊಟ್ಟದ್ದಕ್ಕೆ ಮಾತ್ರ, ಕಾರಿಗೆ ಅನ್ವಯಿಸುವುದಿಲ್ಲ. ಮಾರಿ ಹಣ ಕೊಡುವ ದಾರಿಯನ್ನು ನಾನು ಮೇಲೆ ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ನಮ್ಮ ದೊಡ್ಡಮ್ಮನವರಿಗೆ ಆ ವರ್ಷ ತೆರಿಗೆಯಲ್ಲಿ ಒಂದು ಡಾಲರೂ ಉಳಿಯಲಿಲ್ಲ. ಅದು ಮೊದಲೇ ಗೊತ್ತಿದ್ದುದರಿಂದ, ಮಾರಿದ ಹಣದಲ್ಲಿ ಎಷ್ಟು ಸೇರುತ್ತದೆ ಎಂಬುದೊಂದನ್ನೇ ನೋಡಿ ಅವರು ಸಂಸ್ಥೆಯನ್ನು ಆರಿಸಿಕೊಂಡರು.

ಡಿಸೆಂಬರಿನಲ್ಲಿ ಕೊಟ್ಟ ಕಾರು ಫೆಬ್ರವರಿಯಲ್ಲಿ ಮಾರಾಟವಾದರೂ ದಾನ ಕೊಟ್ಟ ವರ್ಷದ ಲೆಕ್ಕಕ್ಕೇ ಸೇರುತ್ತದೆ. ತೆರಿಗೆ ಪತ್ರ ಸಲ್ಲಿಸುವ ಗಡುವಿನೊಳಗೆ 1098-ಸಿ ಬಾರದಿದ್ದರೆ ಗಡುವಿನ ವಿಸ್ತರಣೆ ಕೇಳಬಹುದು, ಇಲ್ಲವೇ ಕಡಿತವಿಲ್ಲದೆ ಸಲ್ಲಿಸಿ ನಮೂನೆ ಬಂದ ಮೇಲೆ ತಿದ್ದುಪಡಿ ಪತ್ರ ಸಲ್ಲಿಸಬಹುದು. ನಮೂನೆ ಕೈಸೇರಿದ ದಿನವೇ ಅದರಲ್ಲಿರುವ ದಾನಿಯ ಹೆಸರು, ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಸರಿಯಾಗಿವೆಯೇ ಎಂದು ನೋಡಿ, ಹದಿನೇಳು ಅಕ್ಷರಗಳ ವಿಐಎನ್ ಸಂಖ್ಯೆಯನ್ನು ಹಕ್ಕುಪತ್ರದ ನಕಲಿನೊಂದಿಗೆ ಹೋಲಿಸಿ. ಒಂದಕ್ಷರ ತಪ್ಪಿದ್ದರೂ ಸಂಸ್ಥೆಗೆ ಬರೆದು ತಿದ್ದಿಸಿಕೊಳ್ಳಿ. ಅನಂತರ ಆ ನಮೂನೆ, ಲಾರಿಯ ರಸೀದಿ, ಡಿಎಂವಿಗೆ ಸಲ್ಲಿಸಿದ ಸೂಚನೆಯ ಪ್ರತಿ ಮತ್ತು ವಾರಸುದಾರರ ಒಪ್ಪಿಗೆಯ ಪತ್ರಗಳನ್ನು ಎಸ್ಟೇಟಿನ ಉಳಿದ ಕಾಗದಗಳ ಜೊತೆಗೇ ಒಂದು ಫೈಲಿನಲ್ಲಿ ಇಡಿ.